ರಿಟೈರ್ಮೆಂಟ್ ಹತ್ರ ಬಂತು, ಷೇರಿನ್ಯಾಗ ಎಷ್ಟು ಬಿಡಬೇಕು ಎಷ್ಟು ತಗೀಬೇಕು

ಐವತ್ತೈದು ದಾಟಿ ಷೇರಿನ್ಯಾಗ ನಾಕು ರೊಕ್ಕ ಮಾಡ್ಕೊಂಡವರು ಎಲ್ಲಾರೂ ಕೇಳೋದು ಒಂದೇ, "ಮಾರ್ಕೆಟ್ ಬೀಳ್ತೈತೇನ್ರಿ, ಎಲ್ಲಾ ಮಾರಿಬಿಡ್ಲ್ಯಾ?" ಅಂತ. ಇದಕ್ಕ ಉತ್ತರ ಯಾರ ಹತ್ರನೂ ಇಲ್ರಿ, ಟಿವಿಯಾಗ ಟೈ ಕಟ್ಕೊಂಡು ಕುಂತಿರ್ತಾರಲ್ಲ ಅವರ ಹತ್ರನೂ ಇಲ್ಲ. ಉತ್ತರ ಸಿಗೋ ಪ್ರಶ್ನಿ ಬ್ಯಾರೆ ಐತಿ: ಪಗಾರ ನಿಂತ ಮ್ಯಾಲ ನಿಮ್ಮ ಮನಿಗೆ ತಿಂಗಳಾ ಎಷ್ಟು ರೊಕ್ಕ ಕಡಿಮಿ ಬೀಳ್ತೈತಿ, ಅದು ಎಷ್ಟು ವರ್ಷ ಷೇರು ಮುಟ್ಟದ ನಡೀತೈತಿ? ಇದೊಂದು ಲೆಕ್ಕ ಕೈಯಾಗಿದ್ರ ಮಾರ್ಕೆಟ್ ಏರ್ಲಿ ಇಳೀಲಿ ಏನ್ ಮಾಡಬೇಕು ಅನ್ನೋದು ತಾನ ಗೊತ್ತಾಗ್ತೈತಿ.

ಹಂಗಾಗಿ ಡಿಮ್ಯಾಟ್ ಆ್ಯಪ್ (ನಿಮ್ಮ ಷೇರು ಇಟ್ಟಿರೋ ಖಾತೆ ತೋರಸೋದು) ತೆಗಿಯೋಕಿಂತ ಮೊದಲ ಒಂದು ಹಾಳಿ ತಗೋರಿ. ಮನಿ ಖರ್ಚು ಬರೀರಿ, ಖರೆ ಖರ್ಚು, ಅಂದ್ರ ಕಿರಾಣಿ ಹಾಲು ಕರೆಂಟು ಗುಳಿಗಿ ಮಾತ್ರ ಅಲ್ಲ, ಮದಿವಿ ಮುಂಜಿವಿ ಆಹೇರಿ, ಗಾಡಿ ರಿಪೇರಿ, ವರ್ಷಕ್ಕೊಮ್ಮೆ ಮಗಳ ಊರಿಗೆ ಹೋಗಿಬರೋದು, ಮನಿ ತೆರಿಗಿ, ಎಲ್ಲಾ ಕೂಡ್ಸಿ ಹನ್ನೆರಡಕ್ಕ ಭಾಗಿಸ್ರಿ. ಆಮ್ಯಾಲ ಖಾತ್ರಿ ಬರೋ ರೊಕ್ಕ ಬರೀರಿ: ಪಿಂಚಣಿ, ಬಾಡಿಗಿ, ಲಾವಣಿಗೆ ಕೊಟ್ಟ ಹೊಲದ್ದು. ಷೇರಿನ ಡಿವಿಡೆಂಡ್ ಖಾತ್ರಿ ಅಲ್ಲ, ಅದನ್ನ ಹಿಡೀಬ್ಯಾಡ್ರಿ.

ಪಿಂಚಣಿ ವಿಷಯದಾಗ ನಮ್ಮ ಕಡೆ ಒಂದು ಉಲ್ಟಾ ಆಟ ನಡೀತೈತಿ ನೋಡ್ರಿ. 2006 ಏಪ್ರಿಲ್ 1ಕ್ಕಿಂತ ಮೊದಲ ರಾಜ್ಯ ಸರಕಾರದ ನೌಕರಿಗೆ ಸೇರಿದ ಮಾಸ್ತರು, ಇಲ್ಲಾ 2004 ಜನವರಿಗಿಂತ ಮೊದಲ ಹುಬ್ಬಳ್ಳಿ ರೇಲ್ವೆ ವರ್ಕ್‌ಶಾಪಿಗೆ ಸೇರಿದವರು, ಇವರಿಗೆ ಹಳೇ ಪಿಂಚಣಿ ಬರ್ತೈತಿ, ತುಟ್ಟಿ ಭತ್ಯೆ ಏರಿದಂಗ ಅದೂ ಏರ್ತೈತಿ, ಇವರ ಮನಿ ಖರ್ಚು ಅದರಾಗ ನಡದಹೋಗ್ತೈತಿ. ಷೇರು ಅರ್ಧ ಆದ್ರೂ ಇವರ ಅಡಗಿ ಮನಿಗೆ ಏನೂ ಆಗಂಗಿಲ್ಲ, ಆದ್ರ ಇವರ ಅಂಜಿ ಎಲ್ಲಾ ಎಫ್‌ಡಿಯಾಗ ಇಡ್ತಾರ. ಆ ಕಡೆ ಅಮರಗೋಳ ಎಪಿಎಂಸಿಯಾಗ ದಲಾಲಿ ಅಂಗಡಿ ಇದ್ದವರು, ಬ್ಯಾಡಗಿಯಾಗ ಮೆಣಸಿನಕಾಯಿ ವ್ಯಾಪಾರ ಮಾಡಿದವರು, ಸಾರಿಗೆ ಸಂಸ್ಥೆಯಾಗ ದುಡದು ಇಪಿಎಸ್‌ನ (ಪಿಎಫ್ ಜೋಡಿ ಬರೋ ಪಿಂಚಣಿ ಯೋಜನಿ) ಸಣ್ಣ ಪಿಂಚಣಿ ಮ್ಯಾಲ ಇರೋರು, ಇವರಿಗೆ ಬೀಳೋ ಹೊಡ್ತಾ ಸೀದಾ ಮನಿಗೇ ಬೀಳ್ತೈತಿ, ಅಂಥವರು ಅರವತ್ತರ ಹೊಸ್ತಿಲಿನ್ಯಾಗ ಮುಕ್ಕಾಲು ರೊಕ್ಕ ಸ್ಮಾಲ್‌ಕ್ಯಾಪಿನ್ಯಾಗ, ಅಂದ್ರ ಸಣ್ಣ ಕಂಪನಿ ಷೇರಿನ್ಯಾಗ, ಇಟ್ಟಿರ್ತಾರ. ನೂರರಾಗ ವಯಸ್ಸು ಕಳೀರಿ, ಉಳದಷ್ಟು ಪರ್ಸೆಂಟ್ ಷೇರಿನ್ಯಾಗ ಇಡ್ರಿ ಅನ್ನೋ ಸೂತ್ರ ಎಲ್ಲಾ ಕಡೆ ಹೇಳ್ತಾರ. ಇಬ್ಬರದೂ ವಯಸ್ಸು ಒಂದೇ ಆದ್ರೂ ಇಬ್ಬರ ಕಥಿ ಒಂದಲ್ಲಲ್ಲ, ಅದಕ್ಕ ನಾ ಅದನ್ನ ಬಳಸಂಗಿಲ್ಲ.

ಈಗ ಒಂದು ಲೆಕ್ಕ ಹಾಕೋಣು. 57 ವರ್ಷದ ಒಬ್ರು ಅಂತ ತಿಳ್ಕೋರಿ, ಗಂಡ ಹೆಂಡ್ತಿ ಇಬ್ಬರು, ವಿದ್ಯಾನಗರದಾಗ ಸ್ವಂತ ಮನಿ, ತಿಂಗಳಾ ಖರ್ಚು 45,000. ಎನ್‌ಪಿಎಸ್, ಅಂದ್ರ ಹಳೇದರ ಬದಲಿಗೆ ಬಂದ ಹೊಸ ಪಿಂಚಣಿ, 12,000 ಬರಬಹುದು, ಮ್ಯಾಲಿನ ಮನಿ ಬಾಡಿಗಿ 8,000. ಅಲ್ಲಿಗೆ 20,000 ಆತು, ಕಡಿಮಿ ಬೀಳೋದು ತಿಂಗಳಿಗೆ 25,000, ವರ್ಷಕ್ಕ 3 ಲಕ್ಷ. ಒಟ್ಟು ಗಂಟು 60 ಲಕ್ಷ, ಅದರಾಗ 42 ಲಕ್ಷ ಷೇರು ಮತ್ತ ಮ್ಯೂಚುವಲ್ ಫಂಡ್, 18 ಲಕ್ಷ ಎಫ್‌ಡಿ. ನೋಡಾಕ ಚಲೋ ಐತಿ.

2008 ಜನವರಿಯಾಗ ಸೆನ್ಸೆಕ್ಸ್ (ಮುಂಬೈ ಷೇರುಪೇಟಿ ಸೂಚ್ಯಂಕ) 21,000 ಮುಟ್ಟಿತ್ತು, 2009 ಮಾರ್ಚ್ ಹೊತ್ತಿಗೆ 8,200ರ ಹತ್ತಿರ ಬಂತು, ಅಂದ್ರ ನೂರಕ್ಕ ಅರವತ್ತು ಹೋತು. ಅಂಥಾದ್ದು ಈ ಮನಷ್ಯಾಗ ರಿಟೈರ್ ಆದ ವರ್ಷನ ಬಂದ್ರ 42 ಲಕ್ಷ 17 ಲಕ್ಷದ ಆಸುಪಾಸಿಗೆ ಇಳೀತೈತಿ. ಆಮ್ಯಾಲ ಏರ್ತೈತಿ ಖರೆ, 2010 ನವೆಂಬರ್‌ನ್ಯಾಗ ಮತ್ತ 21,000 ಮುಟ್ಟಿತು, ಮತ್ತ ಇಳೀತು, ಅದನ್ನ ಗಟ್ಟಿಯಾಗಿ ದಾಟಿದ್ದು 2013ರ ಕೊನಿಗೆ. 2020ರಾಗ ಹಂಗಾಗ್ಲಿಲ್ಲ, ಜನವರಿಯಾಗ 42,000 ಇದ್ದದ್ದು ಮಾರ್ಚ್ 23ಕ್ಕ 26,000ದ ಕೆಳಗ ಹೋತು, ನವೆಂಬರ್‌ಗೆ ವಾಪಸ್ ಬಂತು. ಈಗಿನ ಭಾಳ ಮಂದಿ ಮಾರ್ಕೆಟ್ಟಿಗೆ ಬಂದದ್ದು ಆ 2020ರ ನಂತರ, ಅದಕ್ಕ ಬಿದ್ರ ಆರೇಳು ತಿಂಗಳಾಗ ಏಳ್ತೈತಿ ಅಂತ ಅವರ ತಲ್ಯಾಗ ಕುಂತೈತಿ. ಜಪಾನಿನ ಷೇರು ಸೂಚ್ಯಂಕ ನಿಕ್ಕಿ 1989ರಾಗ ಮುಟ್ಟಿದ ಎತ್ತರ ಮತ್ತ ಕಂಡಿದ್ದು 2024 ಫೆಬ್ರುವರಿಯಾಗ್ರಿ. ಇಲ್ಲೂ ಹಂಗ ಆಗ್ತೈತಿ ಅಂತ ನಾ ಹೇಳಾಕತ್ತಿಲ್ಲ, ಎಷ್ಟು ದಿನ ಹಿಡೀತೈತಿ ಅಂತ ಗ್ಯಾರಂಟಿ ಯಾರೂ ಕೊಟ್ಟಿಲ್ಲ ಅಷ್ಟ.

ದುಡಿಯೋ ಕಾಲದಾಗ ಮಾರ್ಕೆಟ್ ಬಿದ್ರ ಎಸ್‌ಐಪಿಗೆ (ತಿಂಗಳಾ ಫಂಡಿಗೆ ಹಾಕೋ ಕಂತು) ಅಗ್ಗದಾಗ ಯೂನಿಟ್ ಸಿಗ್ತಾವ, ಅದು ಫಾಯದಾನ. ರಿಟೈರ್ ಆದ ಮ್ಯಾಲ ನೀವು ಹಾಕೋರಲ್ಲ, ತೆಗಿಯೋರು, ಆವಾಗ ಯಾವ ವರ್ಷ ಬೀಳ್ತೈತಿ ಅನ್ನೋದರ ಮ್ಯಾಲ ಎಲ್ಲಾ ನಿಂತಿರ್ತೈತಿ. 40 ಲಕ್ಷ ಷೇರಿನ್ಯಾಗ ಇಟ್ಟು, ಪ್ರತಿ ವರ್ಷದ ಸುರುವಿಗೆ 3 ಲಕ್ಷ ತಗಿಯೋ ಇಬ್ಬರನ್ನ ತಗೋರಿ. ಒಬ್ಬಂಗೆ ಐದು ವರ್ಷ ಹಿಂಗ ಬಂತು: ಮೊದಲ್ನೇ ವರ್ಷ 30 ಪರ್ಸೆಂಟ್ ಲುಕ್ಸಾನ, ಎರಡ್ನೇದು 10 ಲುಕ್ಸಾನ, ಆಮ್ಯಾಲ 20, 30, 25 ಲಾಭ. ಇನ್ನೊಬ್ಬಂಗೆ ಇವೇ ಐದು ವರ್ಷ ತಿರಗಾಮುರಗಾ ಬಂದ್ವು, ಮೊದಲ 25, 30, 20 ಲಾಭ, ಕೊನಿಗೆ 10 ಮತ್ತ 30 ಲುಕ್ಸಾನ. ಯಾರೂ ಏನೂ ತಗೀದಿದ್ರ ಇಬ್ಬರದೂ 49 ಲಕ್ಷದ ಮ್ಯಾಲ ಆಗಿರ್ತಿತ್ತು, ಒಂದು ರೂಪಾಯಿ ಫರಕ್ ಇಲ್ಲ. ವರ್ಷಾ 3 ಲಕ್ಷ ತಗದದ್ದಕ್ಕ ಮೊದಲ್ನೇದವಂದು 25.7 ಲಕ್ಷ ಉಳೀತು, ಎರಡ್ನೇದವಂದು 36.2 ಲಕ್ಷ. ಹತ್ತು ಲಕ್ಷಕ್ಕಿಂತ ಜಾಸ್ತಿ ಫರಕ್ ರೀ, ಶಾಣ್ಯಾತನ ಇಬ್ಬರದೂ ಅಷ್ಟ! ಬಿದ್ದಾಗ ಮಾರಿ ತಿನ್ನೋದಂದ್ರ ಬಿತ್ತಾಕ ಇಟ್ಟ ಬೀಜ ಕುಟ್ಟಿ ರೊಟ್ಟಿ ಮಾಡಿದಂಗ, ಮಳಿ ಬಂದ್ರೂ ಆ ಕಾಳು ಮತ್ತ ಬರಂಗಿಲ್ಲ.

ಅದಕ್ಕ ಮಾಡೋದು ಏನಂದ್ರ, ರಿಟೈರ್ ಆಗೋ ದಿನಕ್ಕ ಐದು ವರ್ಷದ ಕಡಿಮಿ ಬೀಳೋ ರೊಕ್ಕ ಷೇರಿನಿಂದ ಹೊರಗ ಇರಬೇಕು. ನಮ್ಮ 57ರ ಮನಷ್ಯಾಗ ಅದು 15 ಲಕ್ಷ. ಅದರ ಮ್ಯಾಲ ಗೊತ್ತಿರೋ ದೊಡ್ಡ ಖರ್ಚು, ಮಗಳ ಮದಿವಿ 8 ಲಕ್ಷ ಅನ್ಕೋರಿ, ದವಾಖಾನಿಗೆ ಅಂತ 5 ಲಕ್ಷ, ಒಟ್ಟು 28 ಲಕ್ಷ. ಈಗ 18 ಐತಿ, ಇನ್ನ 10 ಲಕ್ಷ ಷೇರಿನಿಂದ ತಗದು ಈ ಕಡೆ ತರಬೇಕು. ಉಳಿಯೋ 32 ಲಕ್ಷ ಷೇರಿನ್ಯಾಗ ಇರ್ಲಿ, ಎಲ್ಲಾ ತಗೀಬ್ಯಾಡ್ರಿ ಯಾಕಂದ್ರ ತುಟ್ಟಿ ವರ್ಷಾ 6 ಪರ್ಸೆಂಟ್ ಏರಿದ್ರೂ ಹನ್ನೆರಡು ವರ್ಷದಾಗ ಖರ್ಚು ಡಬಲ್ ಆಗ್ತೈತಿ, ಎಪ್ಪತ್ತೆರಡನೇ ವಯಸ್ಸಿಗೆ ಇವತ್ತಿನ ಎಫ್‌ಡಿ ಬಡ್ಡಿ ಸಾಲಂಗಿಲ್ಲ. ಐದೇ ವರ್ಷ ಯಾಕ ಅಂದ್ರ, 2008 ಜನವರಿಯಾಗ, ಅಗದೀ ತುದಿಯಾಗ ರಿಟೈರ್ ಆದವಂಗೂ ಮೂರು ವರ್ಷದೊಳಗ ಒಮ್ಮೆ ಹಳೇ ಮಟ್ಟ ಸಿಕ್ಕೈತಿ, ಅವತ್ತು ಅವನ ಕೈಯಾಗ ಇನ್ನೂ ಎರಡು ವರ್ಷದ ಖರ್ಚು ಇರ್ತಿತ್ತು. ಅಂಜಿಕಿ ಜಾಸ್ತಿ ಇದ್ದವರು ಏಳು ವರ್ಷದ್ದು ಇಡ್ರಿ, ತಪ್ಪೇನಿಲ್ಲ. ಪಿಂಚಣಿ ಪೂರ್ತಿ ಸಾಲೋರಿಗೆ ಈ ಲೆಕ್ಕನ ಬ್ಯಾಡ, ಮದಿವಿ ದವಾಖಾನಿ ರೊಕ್ಕ ತಗದಿಟ್ಟು ಆರಾಮ ಇರ್ರಿ.

ಈ 10 ಲಕ್ಷ ತಗಿಯೋದು ಹೆಂಗ? ಒಂದೇ ಸಲ ಅಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಇಟ್ಟ ಷೇರು, ಈಕ್ವಿಟಿ ಫಂಡ್ (ಷೇರಿನ್ಯಾಗ ರೊಕ್ಕ ಹಾಕೋ ಮ್ಯೂಚುವಲ್ ಫಂಡ್) ಮಾರಿದ್ರ ಲಾಭದ ಮ್ಯಾಲ 12.5 ಪರ್ಸೆಂಟ್ ತೆರಿಗಿ, ಆದ್ರ ಒಂದು ಹಣಕಾಸು ವರ್ಷದಾಗ 1.25 ಲಕ್ಷದ ತನಕದ ಲಾಭಕ್ಕ ತೆರಿಗಿ ಇಲ್ಲ, ಇದು 2024 ಜುಲೈನಿಂದ ಬಂದ ನಿಯಮ. ನೀವು ಮಾರೋ 10 ಲಕ್ಷದಾಗ ಅರ್ಧ ಲಾಭ ಐತಿ ಅಂತ ಹಿಡೀರಿ. ಒಂದೇ ವರ್ಷ ಮಾರಿದ್ರ 5 ಲಕ್ಷ ಲಾಭ, 1.25 ಕಳದು 3.75 ಲಕ್ಷಕ್ಕ ತೆರಿಗಿ 46,875, ಸೆಸ್ ಕೂಡಿ 48,750. ಅದನ್ನ ನಾಕು ಹಣಕಾಸು ವರ್ಷಕ್ಕ ಹಂಚಿ ವರ್ಷಾ ಎರಡೂವರಿ ಲಕ್ಷದ್ದು ಮಾರಿದ್ರ ಪ್ರತಿ ಸಲ ಲಾಭ 1.25 ಲಕ್ಷ, ತೆರಿಗಿ ಸೊನ್ನಿ. ನಾಕು ಹಣಕಾಸು ವರ್ಷ ಅಂದ್ರ ನಾಕು ವರ್ಷ ಕಾಯಬೇಕಂತಿಲ್ಲ, ಮಾರ್ಚ್ ಕೊನಿ ವಾರದಾಗ ಒಂದು ಕಂತು, ಏಪ್ರಿಲ್ ಮೊದಲ್ನೇ ವಾರದಾಗ ಇನ್ನೊಂದು ಅಂದ್ರ ಹದಿನೈದು ದಿನದಾಗ ಎರಡು ವರ್ಷದ್ದು ಆಗಿಹೋತು, ಹೆಂಗೂ ಯುಗಾದಿ ಅದರ ಆಸುಪಾಸಿಗೇ ಇರ್ತೈತಿ, ಮರಿಯಂಗಿಲ್ಲ. ಹೆಂಡ್ತಿ ಹೆಸರಿನ್ಯಾಗ ಆಕಿ ಸ್ವಂತ ರೊಕ್ಕದ್ದು ಇದ್ರ ಆಕಿಗೆ ಬ್ಯಾರೆ 1.25 ಲಕ್ಷ ಸಿಗ್ತೈತಿ, ನೀವು ಕೊಟ್ಟ ರೊಕ್ಕ ಆದ್ರ ಆ ಲಾಭ ನಿಮ್ಮ ಲೆಕ್ಕಕ್ಕ ಬರ್ತೈತಿ. ಮತ್ತ ಒಂದು, ಆದಾಯ ತೆರಿಗಿ ಹೊಸ ಪದ್ಧತಿಯಾಗ 12 ಲಕ್ಷದ ತನಕ ತೆರಿಗಿ ಇಲ್ಲ ಅಂತಾರಲ್ಲ, ಆ ರಿಯಾಯ್ತಿ ಈ ಷೇರಿನ ಲಾಭಕ್ಕ ಹತ್ತಂಗಿಲ್ಲ, ಭಾಳ ಮಂದಿ ಇಲ್ಲಿ ಎಡವ್ತಾರ. ಹಂಗಂತ ತೆರಿಗಿ ಉಳಸಾಕ ಹೋಗಿ ಮಾರೋದನ್ನ ಮುಂದ ಮುಂದ ದೂಡಬ್ಯಾಡ್ರಿ, ರಿಟೈರ್ಮೆಂಟಿಗೆ ಆರು ತಿಂಗಳ ಉಳದಿದ್ರ ತೆರಿಗಿ ಕಟ್ಟಿ ತಗೀರಿ, 48,000 ಉಳಸಾಕ ಹೋಗಿ ಮಾರ್ಕೆಟ್ ಬಿದ್ದು 4 ಲಕ್ಷ ಕಳ್ಕೊಳ್ಳೋದು ವ್ಯಾಪಾರ ಅಲ್ಲ.

ಮೊದಲ ಯಾವುದನ್ನ ಮಾರಬೇಕು ಅನ್ನೋದು ಮುಖ್ಯ. ಮಂದಿ ಲಾಭದಾಗ ಇದ್ದ ಚಲೋ ಫಂಡ್ ಮಾರಿ, ಲುಕ್ಸಾನದಾಗ ಇರೋ ಕಸಾ "ಇನ್ನೇನ ಬರ್ತೈತಿ" ಅಂತ ಇಟ್ಕೊಂಡು ಕುಂದರ್ತಾರ. ಉಲ್ಟಾ ಮಾಡ್ರಿ. ಯಾರೋ ಟಿಪ್ ಕೊಟ್ರು ಅಂತ ತಗೊಂಡ ಕಂಪನಿ ಮೊದಲ ಹೊರಗ ಹೋಗ್ಲಿ, ಆ ಲುಕ್ಸಾನ ಬ್ಯಾರೆ ಲಾಭದ ಎದುರಿಗೆ ವಜಾ ಮಾಡ್ಕೋಬಹುದು, ಅಷ್ಟಾದ್ರೂ ಉಪಯೋಗ ಬರ್ಲಿ. ಆಮ್ಯಾಲ ಸ್ಮಾಲ್‌ಕ್ಯಾಪ್: 2018ರ ಜನವರಿಯಿಂದ 2020 ಮಾರ್ಚ್ ತನಕ ಸ್ಮಾಲ್‌ಕ್ಯಾಪ್ ಸೂಚ್ಯಂಕ ಅರ್ಧಕ್ಕಿಂತ ಜಾಸ್ತಿ ಕರಗಿತ್ತು, ಎರಡು ವರ್ಷ ಸಾವಕಾಶ ಕರಗಿತು, ಅದು ಒಂದೇ ದಿನ ಬೀಳೋದಕ್ಕಿಂತ ತ್ರಾಸ. ಆಮ್ಯಾಲ ಒಂದೇ ಕಂಪನಿಯಾಗ ಒಟ್ಟು ಷೇರಿನ ಹತ್ತು ಪರ್ಸೆಂಟಿಗಿಂತ ಜಾಸ್ತಿ ಇದ್ರ ಅದನ್ನ ಕಡಿಮಿ ಮಾಡ್ರಿ, ಬ್ಯಾಂಕಿನ್ಯಾಗ ದುಡದವರು ತಮ್ಮ ಬ್ಯಾಂಕಿನ ಷೇರೇ ರಾಶಿ ಇಟ್ಕೊಂಡಿರ್ತಾರ, ಮಾರಾಕ ಮನಸ್ಸು ಬರಂಗಿಲ್ಲ. ಯೆಸ್ ಬ್ಯಾಂಕ್ ಷೇರು 2018ರಾಗ 400ರ ಹತ್ತಿರ ಇತ್ತು, 2020 ಮಾರ್ಚ್‌ನ್ಯಾಗ 20ರ ಕೆಳಗ ಬಂತು, ಮತ್ತ ಪುನಶ್ಚೇತನ ಯೋಜನಿಯಾಗ ನೂರಕ್ಕಿಂತ ಜಾಸ್ತಿ ಷೇರು ಇದ್ದವರದು ಮುಕ್ಕಾಲು ಭಾಗ ಮೂರು ವರ್ಷ ಲಾಕ್ ಮಾಡಿದ್ರು. ಬೇಕಂದಾಗ ಮಾರಿದ್ರಾತು ಅನ್ನೋದೂ ಕೆಲವೊಮ್ಮೆ ನಡಿಯಂಗಿಲ್ಲ. ಕೊನಿಗೆ ನಿಮ್ಮ ಕೈಯಾಗ ಒಂದೆರಡು ಇಂಡೆಕ್ಸ್ ಫಂಡ್ (ಸೂಚ್ಯಂಕದಾಗಿನ ಕಂಪನಿಗಳನ್ನ ತಗೋಳೋ ಫಂಡ್), ಒಂದು ಚಲೋ ಹಳೇ ಫಂಡ್, ನೀವು ಖರೇನ ತಿಳ್ಕೊಂಡು ಹಿಡಿದ ನಾಕಾರು ದೊಡ್ಡ ಕಂಪನಿ ಉಳದ್ರ ಸಾಕು. ಎಪ್ಪತ್ತರ ವಯಸ್ಸಿನ್ಯಾಗ ನಲವತ್ತು ಕಂಪನಿ ರಿಸಲ್ಟ್ ನೋಡೋ ಕೆಲಸ ಯಾರಿಗೆ ಬೇಕ್ರಿ.

ಫ್ಯೂಚರ್ಸ್ ಆಪ್ಷನ್ಸ್, ಅಂದ್ರ ಮುಂದ ರೇಟು ಏರ್ತೈತೋ ಇಳೀತೈತೋ ಅಂತ ಕಟ್ಟೋ ಬಾಜಿ, ಅದರ ಬಗ್ಗೆ ಎರಡೇ ಮಾತು. ಷೇರುಪೇಟಿ ನಿಯಂತ್ರಕ ಸೆಬಿ 2024 ಸೆಪ್ಟೆಂಬರ್‌ನ್ಯಾಗ ಹೊರಗ ಹಾಕಿದ ಅಧ್ಯಯನದ ಪ್ರಕಾರ 2022ರಿಂದ 2024ರ ಮೂರು ಹಣಕಾಸು ವರ್ಷದಾಗ ನೂರಕ್ಕ 93 ಮಂದಿ ಸಾಮಾನ್ಯ ಟ್ರೇಡರು ರೊಕ್ಕ ಕಳ್ಕೊಂಡಾರ, ಒಟ್ಟು 1.8 ಲಕ್ಷ ಕೋಟಿಗಿಂತ ಜಾಸ್ತಿ. ಗ್ರಾಚ್ಯುಟಿ ರೊಕ್ಕ ಬಂದ ಮ್ಯಾಲ ಮನ್ಯಾಗ ಕುಂತು ಬ್ಯಾಸರಾಗಿ ಇದಕ್ಕ ಬೀಳೋರು ಅದಾರ, ಟೈಮ್‌ಪಾಸಿಗೆ ಉಣಕಲ್ ಕೆರಿ ದಂಡಿಗೆ ವಾಕಿಂಗ್ ಹೋಗ್ರಿ, ಪುಕ್ಸಟ್ಟೆ.

ಹೊರಗ ತಗದ ರೊಕ್ಕ ಎಲ್ಲಿ ಇಡಬೇಕು? ಷೇರಿಗೆ ಅಂಜಿ ತಗದ ರೊಕ್ಕನ ನಮ್ಮ ಕಡೆ ಮಂದಿ ಅದಕ್ಕಿಂತ ಅಪಾಯದ ಕಡೆ ಒಯ್ದು ಇಡ್ತಾರ. ಓಣಿಗೊಂದು ಪತ್ತಿನ ಸಹಕಾರಿ ಸಂಘ, ಸೌಹಾರ್ದ ಅದಾವ, ಬ್ಯಾಂಕಿಗಿಂತ ಒಂದೂವರಿ ಎರಡು ಪರ್ಸೆಂಟ್ ಬಡ್ಡಿ ಜಾಸ್ತಿ ಕೊಡ್ತೇವಿ ಅಂತಾರ, ಅಧ್ಯಕ್ಷರು ನಮ್ಮ ಬೀಗರ ಪೈಕಿ ಅಂತ ಹೋಗಿ ಇಡೋದು. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕ್ ಆದ್ರೂ, ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮ) ವಿಮೆ ಒಬ್ಬರಿಗೆ ಒಂದು ಬ್ಯಾಂಕಿನ್ಯಾಗ ಅಸಲು ಬಡ್ಡಿ ಕೂಡಿ 5 ಲಕ್ಷದ ತನಕ ಐತಿ. ಪತ್ತಿನ ಸಂಘ, ಪತ್ತಿನ ಸೌಹಾರ್ದಕ್ಕ ಆ ವಿಮೆ ಇಲ್ಲ. ಎಲ್ಲಾ ಸಂಘನೂ ಕೆಟ್ಟವು ಅಂತಲ್ಲ, ಚಲೋ ನಡಿಯೋವು ಅದಾವ, ಆದ್ರ ಮುಳುಗಿದ್ರ ಕೇಳಾಕ ಜಾಗ ಇಲ್ಲ ಅನ್ನೋದು ಗೊತ್ತಿರ್ಲಿ. ಇನ್ನೊಂದು ಹುಚ್ಚು ಎನ್‌ಎ ಪ್ಲಾಟ್. ತಗೋಬ್ಯಾಡ್ರಿ ಅನ್ನಂಗಿಲ್ಲ, ಅದನ್ನ ಐದು ವರ್ಷದ ಖರ್ಚಿನ ಲೆಕ್ಕದಾಗ ಹಿಡೀಬ್ಯಾಡ್ರಿ ಅಂತೇನಿ, ಬೈಪಾಸ್ ಆಚೆ ಇರೋ ಪ್ಲಾಟಿನ ಒಂದು ಮೂಲಿ ಮಾರಿ ಆಗಸ್ಟ್ ತಿಂಗಳ ಕಿರಾಣಿ ತರಾಕ ಬರಂಗಿಲ್ಲ.

ನನ್ನ ಪ್ರಕಾರ ಮೊದಲ ಹೋಗಬೇಕಾದ್ದು ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ, ಅಂಚೆ ಕಚೇರಿ ಇಲ್ಲಾ ಬ್ಯಾಂಕಿನ್ಯಾಗ ತೆಗೀತಾರ. 60 ಆದವರಿಗೆ ಐತಿ, ನೌಕರಿಯಿಂದ ನಿವೃತ್ತಿ ಆದವರು ಇಲ್ಲಾ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡವರು 55ಕ್ಕೂ ಇಡಬಹುದು, ಆದ್ರ ನಿವೃತ್ತಿ ರೊಕ್ಕ ಬಂದು ಮೂರು ತಿಂಗಳೊಳಗ. ಒಬ್ಬರಿಗೆ 30 ಲಕ್ಷದ ತನಕ, ಬಡ್ಡಿ 2023 ಏಪ್ರಿಲ್‌ನಿಂದ 2025ರ ಪೂರ್ತಿ 8.2 ಪರ್ಸೆಂಟ್ ನಡೀತು, ಸರಕಾರ ಮೂರು ತಿಂಗಳಿಗೊಮ್ಮೆ ರೇಟು ಹೇಳ್ತೈತಿ, ನೀವು ಇಟ್ಟ ದಿನದ ರೇಟು ಐದು ವರ್ಷ ಬದಲಾಗಂಗಿಲ್ಲ. 8.2ರ ಲೆಕ್ಕಕ್ಕ 15 ಲಕ್ಷ ಇಟ್ರ ಮೂರು ತಿಂಗಳಿಗೆ 30,750 ಬರ್ತೈತಿ, ತಿಂಗಳಿಗೆ ಹತ್ತು ಸಾವಿರದ ಮ್ಯಾಲ. ಅಲ್ಲಿಗೆ ನಮ್ಮ ಮನಷ್ಯಾನ 25,000ದ ತೂತಿನ್ಯಾಗ ಐದರಾಗ ಎರಡು ಪಾಲು ಅಸಲು ಮುಟ್ಟದ ಮುಚ್ಚಿತು. ಆದ್ರ ಅವರ ಐದು ವರ್ಷದ ರೊಕ್ಕ ಪೂರ್ತಿ ಇಲ್ಲೇ ಸಿಗಾಕ್ಸಬಾರ್ದು, ನಡಬರಕ ತಗದ್ರ ದಂಡ ಐತಿ, ಅದಕ್ಕ ಮೊದಲ್ನೇ ಎರಡು ವರ್ಷದ್ದು ಒಂದು ವರ್ಷ, ಎರಡು ವರ್ಷದ ಎಫ್‌ಡಿ ಮಾಡಿ ಬ್ಯಾರೆ ಬ್ಯಾರೆ ಬ್ಯಾಂಕಿನ್ಯಾಗ ಇಡ್ರಿ, ಆರು ತಿಂಗಳದ್ದು ಲಿಕ್ವಿಡ್ ಫಂಡ್ (ಷೇರು ಅಲ್ದ, ಬೇಕಂದಾಗ ತಗಿಯಾಕ ಬರೋ ಫಂಡ್) ಇಲ್ಲಾ ಸೇವಿಂಗ್ಸಿನ್ಯಾಗ.

ಆಮ್ಯಾಲ ವರ್ಷಕ್ಕ ಒಮ್ಮೆ ಮಾತ್ರ ನೋಡ್ರಿ. ಹೋದ ವರ್ಷಕ್ಕಿಂತ ಷೇರು ಏರಿದ್ರ ಅದರಾಗಿಂದ ಒಂದು ವರ್ಷದ 3 ಲಕ್ಷ ತಗದು ಈ ಕಡೆ ತುಂಬ್ರಿ, ಏರಿಲ್ಲಂದ್ರ ಮುಟ್ಟಬ್ಯಾಡ್ರಿ, ಠೇವಣಿ ತಿನ್ಕೋತ ಇರ್ರಿ. ಎರಡೇ ವರ್ಷದ್ದು ಉಳೀತು, ಮಾರ್ಕೆಟ್ ಇನ್ನೂ ಮಲಗೈತಿ ಅಂದ್ರ ಖರ್ಚು ಕಡಿಮಿ ಮಾಡೋದನ್ನ ಅವಾಗ ವಿಚಾರ ಮಾಡ್ರಿ, ಪೂರ್ತಿ ಖಾಲಿ ಆದ ಮ್ಯಾಲ ಅಲ್ಲ. ಕೆಲವರು ರಿಟೈರ್ ಆದ ತಿಂಗಳಿಂದನ ಈಕ್ವಿಟಿ ಫಂಡಿಗೆ ಎಸ್‌ಡಬ್ಲ್ಯುಪಿ (ತಿಂಗಳಾ ಇಷ್ಟು ಅಂತ ತಾನ ಮಾರಿ ರೊಕ್ಕ ಕೊಡೋದು) ಹಚ್ತಾರ, ತಿಂಗಳಾ ರೊಕ್ಕ ಬರೋದು ಆರಾಮ ಖರೆ, ಆದ್ರ ಅದು ಬಿದ್ದ ತಿಂಗಳೂ ಮಾರ್ತೈತಿ, ಕೇಳಂಗಿಲ್ಲ. ಎಸ್‌ಡಬ್ಲ್ಯುಪಿ ಹಚ್ಚೋದಿದ್ರ ಲಿಕ್ವಿಡ್ ಫಂಡಿಗೆ ಹಚ್ರಿ.

ದವಾಖಾನಿ ವಿಮೆ ಈಗ ತಗೋರಿ, ನೌಕರಿ ಇರೋವಾಗ. ಕಂಪನಿ ಕೊಟ್ಟ ವಿಮೆ ರಿಟೈರ್ ಆದ ದಿನ ಮುಗೀತೈತಿ, ಹೊಸಾದ್ರಾಗ ಮೊದಲ ಇರೋ ಬಿಪಿ ಶುಗರಿಗೆ ಮೂರು ವರ್ಷದ ತನಕ ಕಾಯಿಸಬಹುದು, 57ಕ್ಕ ತಗೊಂಡ್ರ ಅರವತ್ತಕ್ಕ ಆ ಕಾಯೋದು ಮುಗದಿರ್ತೈತಿ. ಷೇರು ಬಿದ್ದ ವರ್ಷನ ಸ್ಟೆಂಟ್ ಹಾಕ್ಸೋ ಪಾಳಿ ಬಂದ್ರ ಮ್ಯಾಲ ಹೇಳಿದ ಲೆಕ್ಕ ಎಲ್ಲಾ ಕೆಡ್ತೈತಿ.

ನಿವೃತ್ತಿ ರೊಕ್ಕ ಅಕೌಂಟಿಗೆ ಬಿದ್ದ ವಾರ ಫೋನ್ ಸುರು ಆಗ್ತಾವ. ಬ್ಯಾಂಕಿನ್ಯಾಗ ಚಾ ಕುಡಿಸಿ ವಿಮೆ ಕಮ್ ಷೇರು ಪಾಲಿಸಿ ಹಚ್ತಾರ, "ಎಫ್‌ಡಿ ಇದ್ದಂಗ ಸರ" ಅಂತಾರ. ಎಫ್‌ಡಿ ಅಲ್ಲ, ಸಹಿ ಮಾಡಬ್ಯಾಡ್ರಿ. ವಾಟ್ಸಾಪ್ ಗ್ರೂಪಿನ್ಯಾಗ ಸೇರ್ಸಿ ಲಾಭದ ಸ್ಕ್ರೀನ್‌ಶಾಟ್ ತೋರ್ಸೋರು ಪೂರಾ ಮೋಸ, ರೊಕ್ಕ ಹೋಗಿದ್ರ ದೌಡ 1930ಕ್ಕ ಫೋನ್ ಹಚ್ರಿ, ತಡಾ ಮಾಡಿದಷ್ಟು ಸಿಗೋದು ಕಡಿಮಿ. ಸಲಹಾ ಬೇಕಂದ್ರ ಸೆಬಿಯಾಗ ನೋಂದಣಿ ಇರೋ, ಕಮಿಷನ್ ಅಲ್ದ ಫೀ ತಗೋಳೋ ಸಲಹೆಗಾರರನ್ನ ಹಿಡೀರಿ, ಸೆಬಿ ವೆಬ್‌ಸೈಟಿನ್ಯಾಗ ಅವರ ಹೆಸರು ನೋಂದಣಿ ನಂಬರ್ ಹುಡುಕಿದ್ರ ಸಿಗ್ತಾವ.

ಇನ್ನ ಕಾಗದ ಪತ್ರ. ಡಿಮ್ಯಾಟಿಗೆ, ಪ್ರತಿ ಫಂಡಿಗೆ ನಾಮಿನಿ ಐತೋ ಇಲ್ಲೋ ನೋಡ್ರಿ, ಮದಿವಿಕಿಂತ ಮೊದಲ ತಗದ ಖಾತೆಯಾಗ ಇನ್ನೂ ತೀರಿಹೋದ ಅವ್ವನ ಹೆಸರು ಇರ್ತೈತಿ. ಹಳೇ ಕಾಗದದ ಷೇರು ಟ್ರಂಕಿನ್ಯಾಗ ಇದ್ರ ಡಿಮ್ಯಾಟ್ ಮಾಡಿಸ್ರಿ, 2019 ಏಪ್ರಿಲ್‌ನಿಂದ ಕಾಗದದ ರೂಪದಾಗ ಇನ್ನೊಬ್ಬರಿಗೆ ಮಾರಾಕ ಬರಂಗಿಲ್ಲ, ಮತ್ತ ಏಳು ವರ್ಷ ಸತತ ಡಿವಿಡೆಂಡ್ ತಗೊಂಡಿಲ್ಲಂದ್ರ ಷೇರೇ ಸರಕಾರದ ಐಇಪಿಎಫ್ ನಿಧಿಗೆ ಹೋಗ್ತಾವ, ಅಲ್ಲಿಂದ ವಾಪಸ್ ತರಸೋದು ಸಾಕ್‌ಸಾಕಾಗ್ತೈತಿ. ಮನ್ಯಾಗಿನವರಿಗೆ ಎಲ್ಲಾ ಹೇಳ್ರಿ, ಯಾವ ಬ್ರೋಕರ್, ಯಾವ ಬ್ಯಾಂಕ್, ಎಫ್‌ಡಿ ಯಾವಾಗ ತೀರ್ತೈತಿ, ಯಾವುದನ್ನ ಮೊದಲ ಮುರೀಬೇಕು, ಯಾವುದನ್ನ ಮುಟ್ಟಬಾರ್ದು. ಹೆಂಡ್ತಿ ಕೈಲಿಂದ ಒಮ್ಮೆ ನೂರು ರೂಪಾಯಿ ಲಿಕ್ವಿಡ್ ಫಂಡಿನಿಂದ ತಗಸಿ ನೋಡ್ರಿ, ಮತ್ತ ಒಟಿಪಿ ಯಾವ ಫೋನಿಗೆ ಬರ್ತೈತಿ ಅನ್ನೋದನ್ನೂ ಅವತ್ತ ನೋಡ್ಕೋರಿ, ನಾಕು ವರ್ಷದ ಹಿಂದ ಬಂದ್ ಮಾಡಿದ ಸಿಮ್ಮಿಗೆ ಹೋಗಾಕತ್ತಿದ್ರ ಬದಲ ಮಾಡಿಸಾಕ ಇನ್ನೂ ಟೈಮ್ ಐತಿ.